ಬೀದರ್ ಥಂಡ್ಯಾಗ ಗಾಡಿ ಸ್ಟಾರ್ಟ್ ಆಗವಲ್ದು ಅಂದವರಿಗಿ, ಮತ್ತ ಟಿಪ್ಪರ್‌ದಿಂದ ವಾಯರ್ ಹಚ್ಚ್ರಿ ಅಂದವರಿಗಿ

ಅಣ್ಣಾರ, ಈ ಗುಂಪಿನಾಗ ನೀವು ಹಾಕಿದ ವಿಡಿಯೋ ಪೂರಾ ನೋಡಿದೆ. ಕಲಬುರಗಿದಿಂದ ಭಾಲ್ಕಿ ಕಡಿ ಊರಿಗಿ ಹೋಗೀರಿ, ರಾತ್ರಿ ಅಂಗಳದಾಗ ಡೀಸಲ್ ಗಾಡಿ ನಿಲ್ಲಿಸೀರಿ, ಮುಂಜಾನಿ ಆರಕ್ಕ ಸ್ಟಾರ್ಟ್ ಆಗವಲ್ದು. ಕೀ ತಿರುವಿ ಹಿಡಿದವರು ಬಿಡವಲ್ರಿ, ಸೆಲ್ಫ್ ಸೊರಗಿ ಸೊರಗಿ ತಿರುಗ್ಲಾಕತ್ತದ. ಕೆಳಗ ಒಬ್ಬರು ಟಿಪ್ಪರ್ ಬ್ಯಾಟರಿದಿಂದ ವಾಯರ್ ಹಚ್ಚ್ರಿ ಅಂದಾರ, ಇನ್ನೊಬ್ಬರು ಟ್ಯಾಂಕಿಗಿ ಒಂದು ಲೀಟರ್ ಸೀಮೆಎಣ್ಣಿ ಸುರೀರಿ ಅಂದಾರ. ಎರಡೂ ಮಾಡಬ್ಯಾಡ್ರಿ. ಹಿಂಗೇ ಸೆಲ್ಫ್ ಹಿಡಿದು ನಾನು ಒಂದು ಸ್ಟಾರ್ಟರ್ ಮೋಟಾರ್ ಸುಟ್ಟೀನಿ, ಅದಕ್ಕ ಇಷ್ಟು ಉದ್ದ ಬರೀಲಾಕತ್ತೀನಿ.

ನಾಳಿ ಮುಂಜಾನಿ ಮೊದಲ ಬ್ಲೋವರ್, ಲೈಟು, ಟೇಪು ಎಲ್ಲಾ ಬಂದ್ ಇಡ್ರಿ. ಕೀ ಆನ್ ಮಾಡಿ ಹೀಟರ್ ಲೈಟು, ಅದೇ ಸುರುಳಿ ಚಿತ್ರದ್ದು, ಆರೋ ತನಕ ಕಾಯ್ರಿ. ಆರಿದ ಕೂಡ್ಲೇ ಸೆಲ್ಫ್ ಹೊಡಿಬ್ಯಾಡ್ರಿ. ಕೀ ಆಫ್ ಮಾಡಿ ಇನ್ನೊಮ್ಮೆ ಆನ್ ಮಾಡಿ ಮತ್ತ ಕಾಯ್ರಿ. ಆಮ್ಯಾಲ ಕ್ಲಚ್ ಪೂರಾ ಒತ್ತಿ ಐದು ಸೆಕೆಂಡ್ ಸೆಲ್ಫ್, ಭಾಳ ಅಂದ್ರ ಹತ್ತು. ಹಿಡೀಲಿಲ್ಲಂದ್ರ ಅರ್ಧ ನಿಮಿಷ ಬಿಟ್ಟು ಮತ್ತ. ಮೂರು ಸಲಕ್ಕ ಆಗ್ಲಿಲ್ಲಂದ್ರ ಕೀ ತೆಗೆದು ಕಿಸೆದಾಗ ಇಡ್ರಿ, ಕಾರಣ ಹುಡುಕ್ರಿ. ಹೀಟರ್ ಪ್ಲಗ್, ಅಂದ್ರ ಸ್ಟಾರ್ಟ್ ಮಾಡೋಕಿಂತ ಮೊದಲ ಎಂಜಿನ್ ಒಳಗ ಕಾಸೋ ಪ್ಲಗ್, ಹೋಗಿದ್ರ ಸೆಲ್ಫ್ ಜೋರಾಗೇ ತಿರುಗ್ತದ, ಸೈಲೆನ್ಸರ್‌ದಿಂದ ಬಿಳಿ ಹೊಗಿ ಬರ್ತದ, ಗಾಡಿ ಮಾತ್ರ ಹಿಡಿಯಂಗಿಲ್ಲ. ನಿಮ್ಮ ವಿಡಿಯೋದಾಗ ಹೊಗಿ ಇಲ್ಲ, ಸೆಲ್ಫೇ ಸೊರಗ್ಯಾದ. ಅಂದ್ರ ಬ್ಯಾಟರಿ, ಇಲ್ಲಾ ಅದಕ್ಕ ವಾಯರ್ ಕೂಡಿಸೋ ಟರ್ಮಿನಲ್.

ಈಗ ಮುಖ್ಯ ಮಾತು. ನೀವು "ಬೀದರ್ ಥಂಡಿಗಿ ಬ್ಯಾಟರಿ ಹೋತು" ಅಂತ ಬರದೀರಿ. ಹಂಗಲ್ಲರಿ. ನಿಮ್ಮ ಬ್ಯಾಟರಿ ಹೋಗಿದ್ದು ಮೇ ತಿಂಗಳದಾಗ, ಕಲಬುರಗಿದಾಗ. ಗೊತ್ತಾಗಿದ್ದು ಈಗ, ಅಷ್ಟೇ. ನಮ್ಮಲ್ಲಿ ಬ್ಯಾಸಗಿದಾಗ 42–43 ಡಿಗ್ರಿ ಹೊರಗಿನ ಬಿಸಿಲು, ಬಾನೆಟ್ ಒಳಗ ಅದಕ್ಕಿಂತ ಎಷ್ಟೋ ಜಾಸ್ತಿ. ಆ ಕಾವಿಗಿ ಒಳಗಿನ ನೀರು ಆರ್ತದ, ಸೀಸದ ಪ್ಲೇಟು ಸವೀತಾವ. ಬ್ಯಾಸಗಿದಾಗ ಆಯಿಲ್ ತೆಳ್ಳಗ ಇರ್ತದ, ಎಂಜಿನ್ ಹಗುರ ತಿರುಗ್ತದ, ಅರ್ಧ ಸತ್ತ ಬ್ಯಾಟರಿನೂ ದಿನ ದೂಡ್ತದ. ಡಿಸೆಂಬರ್ ಬಂತಂದ್ರ ಆಯಿಲ್ ಗಟ್ಟಿ, ಬ್ಯಾಟರಿ ಒಳಗಿನ ರಾಸಾಯನಿಕ ಕ್ರಿಯೆ ಮಂದ, ಎರಡೂ ಕೂಡಿ ಬರ್ತಾವ. ಸೊನ್ನೆ ಡಿಗ್ರಿಗಿ ಹೋದ್ರೂ ಒಳ್ಳೆ ಬ್ಯಾಟರಿ ಕಳ್ಕೊಳ್ಳೋದು ಸುಮಾರು ಐದನೇ ಒಂದು ಪಾಲು. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಾಗ ಅದ, ಬಯಲು ಪ್ರಸ್ಥಭೂಮಿ, ಉತ್ತರದ ಗಾಳಿಗಿ ಅಡ್ಡ ಏನಿಲ್ಲ. ಡಿಸೆಂಬರ್ ಜನವರಿದಾಗ 10ರ ಕೆಳಗ ಇಳೀತದ ಖರೆ, ಸೊನ್ನೆಗಿ ಅಲ್ಲ. ಗಟ್ಟಿ ಬ್ಯಾಟರಿಗಿ ಇದು ಲೆಕ್ಕಕ್ಕಿಲ್ಲ. ಅದಕ್ಕೇ ಪ್ರತಿ ವರ್ಷ ಈ ಗುಂಪಿನಾಗ ಕಲಬುರಗಿ, ಯಾದಗಿರಿ, ಸೇಡಂ ಕಡಿ ಗಾಡಿಗಳೇ ಬೀದರ್‌ಗಿ ಹೋಗಿ ಕೂಡ್ತಾವ. ಬ್ಯಾಟರಿ ತಪಾಸಣಿ ದೀಪಾವಳಿಗಿ ಅಲ್ಲ, ಜೂನ್ ಹೊತ್ತಿನ ಕಾರಹುಣ್ಣಿವಿ ಮುಗಿದ ಕೂಡ್ಲೇ, ಬಿಸಿಲು ಇಳಿದ ಮ್ಯಾಲ ಮಾಡಿಸ್ರಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಕೇಳವರು ಕಡಿಮಿ.

ಹೊಸ ಬ್ಯಾಟರಿಗಿ ರೊಕ್ಕ ಹಾಕೋಕಿಂತ ಮೊದಲ ವೋಲ್ಟ್ ಅಳೆಯೋ ಒಂದು ಮಲ್ಟಿಮೀಟರ್ ತಗೋರಿ. ಸಣ್ಣದು ಸಾಕು, ಎಲೆಕ್ಟ್ರಿಕಲ್ ಅಂಗಡಿದಾಗ ಸಿಗ್ತದ. ಅಳೆಯೋದು ಹ್ಯಾಂಗಂದ್ರ, ರಾತ್ರಿ ಮಲಗೋಕಿಂತ ಮೊದಲೇ ಬಾನೆಟ್ ಲಿವರ್ ಎಳೆದು ಬಿಡ್ರಿ. ಯಾಕಂದ್ರ ಮುಂಜಾನಿ ಬಾಗಿಲು ತೆರೆದ್ರಿ ಅಂದ್ರ ಒಳಗಿನ ಲೈಟು, ಕಂಪ್ಯೂಟರ್ ಎಲ್ಲಾ ಎದ್ದು ಕರೆಂಟ್ ಎಳೀತಾವ, ರೀಡಿಂಗ್ ತಪ್ಪು ಬರ್ತದ. ಬಾಗಿಲು ಮುಟ್ಟದೇ ಬಾನೆಟ್ ಎತ್ತಿ ನೋಡ್ರಿ. 12.6 ವೋಲ್ಟ್ ಇದ್ರ ಪೂರಾ ಚಾರ್ಜ್. 12.4 ನಡೀತದ. 12.2 ಅಂದ್ರ ಅರ್ಧ. 12ರ ಕೆಳಗ ಇದ್ರ ಆ ಸೆಲ್ಫಿನ ದನಿಗಿ ಕಾರಣ ಸಿಕ್ಕಂಗ. ಆಮ್ಯಾಲ ಮನ್ಯಾಗಿನವರು ಯಾರಾದ್ರೂ ಸೆಲ್ಫ್ ಹೊಡೀಲಿ, ನೀವು ಮೀಟರ್ ನೋಡ್ರಿ. ಹೊಡಿಯೋವಾಗ 9.6ಕ್ಕಿಂತ ಕೆಳಗ ಬಿತ್ತಂದ್ರ ಬ್ಯಾಟರಿ ಸೋತದ. ಗಾಡಿ ಚಾಲು ಆದ ಮ್ಯಾಲ 13.8ದಿಂದ 14.5 ನಡುವ ಬರಬೇಕು, ಬರ್ಲಿಲ್ಲಂದ್ರ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ನೋಡಿಸ್ರಿ, ಹೊಸ ಬ್ಯಾಟರಿ ಹಾಕಿದ್ರೂ ಅದೇ ಗತಿ. ಈಗಿನ ಕೆಲವು ಗಾಡಿದಾಗ ಕಂಪ್ಯೂಟರೇ ಚಾರ್ಜಿಂಗ್ ಏರಿಸ್ತದ, ಇಳಿಸ್ತದ. ಅಂಥಾದ್ರಾಗ ಕಡಿಮಿ ಕಂಡ್ರ ಹೆಡ್‌ಲೈಟ್ ಹಚ್ಚಿ ಇನ್ನೊಮ್ಮೆ ನೋಡ್ರಿ.

ಟರ್ಮಿನಲ್ ಅಂತೂ ಯಾರೂ ನೋಡಂಗಿಲ್ಲ, ಇದು ನನಗ ಭಾಳ ಸಿಟ್ಟು ತರಿಸೋ ವಿಷಯ. ಕ್ಲ್ಯಾಂಪ್ ಕೈಲೆ ಹಿಡಿದು ತಿರುವಿ ನೋಡ್ರಿ. ಎಳ್ಳಷ್ಟು ತಿರುಗಿದ್ರೂ ಅದು ಸಡಿಲೇ. ನಮ್ಮ ಹಳ್ಳಿ ದಾರಿ ಒಂದು ಸಲ ಹೋಗಿ ಬಂದ್ರ ಸಡಿಲಾಗೋದು ಸಹಜ. ಬಿಳಿ ಹಸರು ಪುಡಿ ಕಟ್ಟಿದ್ರ ಮೈನಸ್ ಮೊದಲ ಬಿಚ್ಚ್ರಿ, ಆಮ್ಯಾಲ ಪ್ಲಸ್. ಅಡಿಗಿ ಸೋಡಾ ಬಿಸಿ ನೀರಾಗ ಕಲಸಿ ಹಳೆ ಹಲ್ಲಿನ ಬ್ರಷ್‌ಲೆ ತಿಕ್ಕ್ರಿ. ಪುಡಿ ಬುಸ್ಸಂತ ನೊರಿ ಆಗಿ ಕರಗ್ತದ, ಕೆಳಗಿನ ಸೀಸ ಹೊಳಿಯೋ ತನಕ ಬಿಡಬ್ಯಾಡ್ರಿ. ಸೋಡಾ ನೀರು ಬ್ಯಾಟರಿ ಮುಚ್ಚಳದೊಳಗ ಹೋಗಬಾರ್ದು. ಒಣಗಿಸಿ, ಪ್ಲಸ್ ಮೊದಲ ಹಾಕಿ, ಬಿಗಿ ಮಾಡಿದ ಮ್ಯಾಲೇ ವ್ಯಾಸಲೀನ್ ಹಚ್ಚ್ರಿ. ಮೊದಲೇ ಗ್ರೀಸ್ ಬಳಿದು ಕ್ಲ್ಯಾಂಪ್ ಕೂಡಿಸೋ ಮಿಸ್ತ್ರಿಗಳು ಇದ್ದಾರ, ಅದು ತಪ್ಪು ಕೆಲಸ. ಮತ್ತ ಬ್ಯಾಟರಿಗಿ ಆರ್‌ಒ ನೀರು ಹಾಕೋದು ನಿಲ್ಲಿಸ್ರಿ. ಆರ್‌ಒ ನೀರಾಗ ಉಪ್ಪಿನಂಶ ಉಳಿದಿರ್ತದ, ಡಿಸ್ಟಿಲ್ಡ್ ವಾಟರೇ ಬೇಕು. ನಮ್ಮ ಕಡಿ ಬೋರ್ ನೀರು ಹಾಕಿದವರಿಗಿ ಏನು ಹೇಳಬೇಕೋ ತಿಳೀವಲ್ದು.

ಹೊಸದೇ ಬೇಕಾದ್ರ ಎಕ್ಸೈಡ್ ಇರ್ಲಿ, ಅಮರಾನ್ ಇರ್ಲಿ, ನನಗ ಎರಡರ ಮ್ಯಾಲೂ ಒಲವು ಇಲ್ಲ. ನಾನು ನೋಡೋದು ತಯಾರಾದ ತಿಂಗಳು. ಅಂಗಡಿದಾಗ ಆರು ತಿಂಗಳು ಕುಂತ ಬ್ಯಾಟರಿ ಎಂಥ ಹೆಸರಿಂದಾದ್ರೂ ಬ್ಯಾಡ. "ವಿಂಟರ್ ಸ್ಪೆಷಲ್" ಅಂತ ದೊಡ್ಡ ಆಂಪಿಯರ್ ಕೊಡ್ತೀನಿ ಅಂದ್ರ ತಗೋಬ್ಯಾಡ್ರಿ, ಟ್ರೇದಾಗ ಕೂಡಂಗಿಲ್ಲ, ಅಲುಗಾಡಿ ಅದೇ ಮೊದಲ ಹೋಗ್ತದ. ಸಿಗ್ನಲ್‌ದಾಗ ತಾನೇ ಬಂದ್ ಆಗೋ ಗಾಡಿಗಿ ಸಾದಾ ಬ್ಯಾಟರಿ ನಡಿಯಂಗಿಲ್ಲ, ಕಂಪನಿ ಹೇಳಿದ ಥರದ್ದೇ ಹಾಕ್ರಿ.

ಟಿಪ್ಪರ್ ಮಾತಿಗಿ ಬರ್ತೀನಿ. ಟಿಪ್ಪರ್, ಲಾರಿ, ಬಸ್ಸು 24 ವೋಲ್ಟ್. ನಿಮ್ಮ ಗಾಡಿ 12. ಹಚ್ಚಿದ್ರಿ ಅಂದ್ರ ಇಸಿಎಂ, ಅಂದ್ರ ಎಂಜಿನ್ ನಡಿಸೋ ಕಂಪ್ಯೂಟರ್, ಸುಡ್ತದ, ಅದರ ಬೆಲಿದಾಗ ಎಷ್ಟೋ ಬ್ಯಾಟರಿ ಬರ್ತಾವ. ಹೇಳಿದವರು ಒಳ್ಳೆ ಮನಸ್ಸಲೇ ಹೇಳಿರ್ತಾರ, ಖರೆ ತಿಳಿದು ಹೇಳ್ರಿ, ಓದಿದವರು ಹಂಗೇ ಮಾಡ್ತಾರ. ಟ್ರ್ಯಾಕ್ಟರ್ 12 ವೋಲ್ಟ್, ಅದರಿಂದ ಹಚ್ಚಬಹುದು. ಕೆಂಪು ಮೊದಲ ಸತ್ತ ಬ್ಯಾಟರಿ ಪ್ಲಸ್‌ಗಿ, ಇನ್ನೊಂದು ತುದಿ ಟ್ರ್ಯಾಕ್ಟರ್ ಪ್ಲಸ್‌ಗಿ. ಕರಿ ವಾಯರ್ ಟ್ರ್ಯಾಕ್ಟರ್ ಮೈನಸ್‌ಗಿ, ಕಡೀ ತುದಿ ನಿಮ್ಮ ಎಂಜಿನ್ನಿನ ಬರೀ ಕಬ್ಬಿಣಕ್ಕ, ಬ್ಯಾಟರಿದಿಂದ ದೂರ. ಬ್ಯಾಟರಿ ಮೈನಸ್‌ಗೇ ಹಚ್ಚಿದ್ರ ಅಲ್ಲೇ ಕಿಡಿ ಹಾರ್ತದ, ಬ್ಯಾಟರಿ ಬಿಡೋದು ಹೈಡ್ರೋಜನ್ ಅನಿಲ. ತೆಗಿಯೋವಾಗ ಉಲ್ಟಾ. ನಾನು ಟ್ರ್ಯಾಕ್ಟರ್ ಬಂದ್ ಇಡಿಸಿಯೇ ಸ್ಟಾರ್ಟ್ ಮಾಡ್ತೀನಿ, ಹಳೆ ಟ್ರ್ಯಾಕ್ಟರ್ ಚಾರ್ಜಿಂಗ್ ಮ್ಯಾಲ ನನಗ ಭರವಸಿ ಇಲ್ಲ.

ಸೀಮೆಎಣ್ಣಿ ಅಂತೂ ಕೈಯಾಗ ಹಿಡೀಬ್ಯಾಡ್ರಿ. ನಮ್ಮ ಅಪ್ಪಾರ ಕಾಲದ ಜೀಪಿಗಿ ಅದು ನಡೀತಿತ್ತು. ಆ ಜೀಪನ್ನ ರಾತ್ರಿ ದಿಬ್ಬದ ಮ್ಯಾಲ ಮಾರಿ ಕೆಳಗ ಮಾಡಿ ನಿಲ್ಲಿಸ್ತಿದ್ರು, ಟೈರಿಗಿ ಕಲ್ಲು ಕೊಡ್ತಿದ್ರು. ಮುಂಜಾನಿ ಕಲ್ಲು ತೆಗೆದು ಉರುಳಿಸಿ ಗೇರ್ ಹಾಕಿದ್ರ ಸಾಕು, ಓಣಿ ತುಂಬ ಹೊಗಿ ಬಿಟ್ಟು ಹಿಡೀತಿತ್ತು. ನಾವು ಹುಡುಗರು ಕಂಬಳಿ ಹೊದ್ದು ಹಿಂದ ದೂಡ್ಲಾಕ ನಿಲ್ತಿದ್ವಿ, ಆಮ್ಯಾಲ ಅದರ ರೇಡಿಯೇಟರ್ ಮುಂದ ಕೈ ಕಾಸ್ತಿದ್ವಿ. ಆ ನೆನಪಿನ ಮ್ಯಾಲ ಈಗಿನ ಗಾಡಿಗಿ ವೈದ್ಯ ಮಾಡಬ್ಯಾಡ್ರಿ. ಈಗಿನ ಡೀಸಲ್ ಎಂಜಿನ್ನಿನ ಕಾಮನ್ ರೇಲ್ ಪಂಪು, ಡೀಸಲ್ ಸಿಂಪಡಿಸೋ ಇಂಜೆಕ್ಟರ್ ಡೀಸಲಿನ ಜಿಡ್ಡಿನ ಮ್ಯಾಲೇ ನಡೀತಾವ, ಸಾವಿರಕ್ಕಿಂತ ಜಾಸ್ತಿ ಬಾರ್ ಒತ್ತಡದಾಗ. ಸೀಮೆಎಣ್ಣಿಗಿ ಅಷ್ಟು ಜಿಡ್ಡು ಇಲ್ಲ, ಪಂಪು ಸವೀತದ. ಡೀಸಲ್ ಮೇಣ ಕಟ್ಟೋ ಥಂಡಿ ಬೀದರ್‌ದಾಗ ಬರಂಗಿಲ್ಲ. ಲಡಾಖ್‌ದಾಗ ಕಟ್ತದ, ಅದಕ್ಕೇ ಇಂಡಿಯನ್ ಆಯಿಲ್ 2019ದಾಗ ಮೈನಸ್ 33 ಡಿಗ್ರಿ ತಾಳೋ ಡೀಸಲ್ ಅಲ್ಲಿಗಿ ಬೇರೆ ತಂತು. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಬಾಟ್ಲಿಗಟ್ಟಲೆ ಅಡಿಟಿವ್ ಹಾಕೋದು ರೊಕ್ಕ ದಂಡ. ದೂಡಿ ಸ್ಟಾರ್ಟ್ ಮಾಡೋದೂ ಅಷ್ಟೇ, ಬ್ಯಾಟರಿ ಪೂರಾ ಸತ್ತಿದ್ರ ಇಂಜೆಕ್ಟರ್ ತೆರೀಲಾಕೂ ಕರೆಂಟ್ ಇರಂಗಿಲ್ಲ, ಎಷ್ಟು ದೂಡಿದ್ರೂ ಹಿಡಿಯಂಗಿಲ್ಲ. ಆಟೋಮ್ಯಾಟಿಕ್ ಗಾಡಿಗಿ ದೂಡೋ ಮಾತೇ ಬ್ಯಾಡ.

ಥಂಡಿಗಿ ಎಂಜಿನ್ ಆಯಿಲ್ ಬದಲ ಮಾಡಬೇಕೇನು ಅಂತ ಕೇಳೀರಿ. 15ಡಬ್ಲ್ಯೂ ಅನ್ನೋ ಗ್ರೇಡು ಮೈನಸ್ 20 ಡಿಗ್ರಿದಾಗ ಪರೀಕ್ಷಾ ಆಗಿರ್ತದ. ಥಂಡಿ ಸಲುವಾಗಿ ಇನ್ನೂ ತೆಳ್ಳಗಿನ 0ಡಬ್ಲ್ಯೂ ಹಾಕೋ ಕೆಲಸ ನಮಗಿಲ್ಲ. ಪುಸ್ತಕದಾಗ ಏನದ ಅದನ್ನೇ ಹಾಕ್ರಿ, ಬಿಎಸ್6 ಹೊಗಿ ನಿಯಮದ ಡೀಸಲ್ ಗಾಡಿಗಿ ಡಿಪಿಎಫ್‌ಗಿ, ಅಂದ್ರ ಸೈಲೆನ್ಸರ್‌ದಾಗ ಮಸಿ ಹಿಡಿದು ಸುಡೋ ಫಿಲ್ಟರ್‌ಗಿ, ಹೊಂದೋ ಆಯಿಲೇ ಬೇಕು. ಸ್ಟಾರ್ಟ್ ಆದ ಮ್ಯಾಲ ಹತ್ತು ಹದಿನೈದು ನಿಮಿಷ ನಿಂತಲ್ಲೇ ಬಿಡೋದೂ ಬ್ಯಾಡ, ರೇಸ್ ಕೊಡೋದು ಮೊದಲೇ ಬ್ಯಾಡ. ಒಂದು ನಿಮಿಷ ಬಿಟ್ಟು ಮೆಲ್ಲಕ ಹೊಂಡ್ರಿ, ಎಂಜಿನ್ ಬಿಸಿ ಆಗೋ ತನಕ 2000 ಆರ್‌ಪಿಎಂ ದಾಟಿಸಬ್ಯಾಡ್ರಿ. ಮುಚ್ಚಿದ ಶೆಡ್ಡಿನಾಗ ಚಾಲು ಬಿಟ್ಟು ಚಹಾ ಕುಡೀಲಾಕ ಹೋಗಬ್ಯಾಡ್ರಿ, ಗ್ಲಾಸ್ ಏರಿಸಿ ಹೀಟರ್ ಹಚ್ಚಿ ಗಾಡಿದಾಗ ಮಲಗಬ್ಯಾಡ್ರಿ. ಕಾರ್ಬನ್ ಮೊನಾಕ್ಸೈಡ್‌ಗಿ ವಾಸನಿ ಇರಂಗಿಲ್ಲ.

ಗಾಡಿ ಎಷ್ಟು ಓಡಿದ್ರೂ ಹೀಟರ್ ಗಾಳಿ ತಣ್ಣಗೇ ಬರ್ತದ ಅಂದಿರಲ್ಲ, ಅದಕ್ಕ ಥರ್ಮೋಸ್ಟಾಟ್, ಅಂದ್ರ ಎಂಜಿನ್ ಬಿಸಿ ಆಗೋ ತನಕ ಕೂಲಂಟ್ ರೇಡಿಯೇಟರ್‌ಗಿ ಹೋಗದಂಗ ತಡಿಯೋ ವಾಲ್ವ್, ನೋಡಿಸ್ರಿ. "ಬಿಸಿಲ ನಾಡು, ಗಾಡಿ ಕಾಯ್ತದ" ಅಂತ ನಮ್ಮ ಕಡಿ ಮಿಸ್ತ್ರಿಗಳು ಆ ವಾಲ್ವ್ ಕಿತ್ತಿ ಒಗೀತಾರ. ಅದಿಲ್ಲಂದ್ರ ಥಂಡ್ಯಾಗ ಎಂಜಿನ್ ಬಿಸಿನೇ ಆಗಂಗಿಲ್ಲ, ಡೀಸಲ್ ಜಾಸ್ತಿ ಕುಡೀತದ, ಡಿಪಿಎಫ್ ತಾನಾಗೇ ಸ್ವಚ್ಛ ಆಗಂಗಿಲ್ಲ. ಬ್ಯಾಸಗಿದಾಗ ಗಾಡಿ ಕಾಯ್ತಿದ್ರ ರೇಡಿಯೇಟರ್, ಫ್ಯಾನು, ಕೂಲಂಟ್ ಸರಿ ಮಾಡಿಸ್ರಿ, ವಾಲ್ವ್ ಕಿತ್ತೋದು ರಿಪೇರಿ ಅಲ್ಲ.

ಎಳ್ಳಮಾಸಿ ಬರ್ಲಾಕತ್ತದ, ಅದಕ್ಕ ಇದನ್ನ ಒತ್ತಿ ಹೇಳ್ತೀನಿ. ಆ ದಿನ ಎಲ್ಲರೂ ಹೊಲಕ್ಕ ಗಾಡಿ ಒಯ್ತೀರಿ. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಊಟ ಆಗಿ ಮಂದಿ ಎಲ್ಲಾ ಜ್ವಾಳದ ನಡುವ ಕುಂತಿರ್ತದ. ಗಾಡಿ ನಾಲ್ಕೂ ಬಾಗಿಲು ತೆರೆದು ಹಾಡು ಹಚ್ಚಿರ್ತೀರಿ, ಹುಡುಗರು ಒಳಗ ಕುಂತು ಮೊಬೈಲ್ ಚಾರ್ಜ್ ಮಾಡ್ತಾರ. ಸಂಜಿ ಥಂಡಿ ಬೀಳೋ ಹೊತ್ತಿಗಿ ಸೆಲ್ಫ್ ಕಟ್ ಅಂದು ನಿಲ್ತದ. ಆ ದಿನ ಹೊಲದ ದಾರಿದಾಗ ವಾಯರ್ ಹಿಡಿದು ತಿರುಗೋ ಮಂದಿ ಪ್ರತಿ ವರ್ಷ ಕಾಣ್ತಾರ. ಹಾಡಿಗಿ ಬ್ಲೂಟೂತ್ ಸ್ಪೀಕರ್ ಒಯ್ರಿ, ಬಾಗಿಲು ಹಾಕಿ ಇಡ್ರಿ.

ಮತ್ತ ಎರೆ ಹೊಲದಾಗ ಒಣ ಹುಲ್ಲು, ತೊಗರಿ ಹೊಟ್ಟಿನ ಮ್ಯಾಲ ಗಾಡಿ ನಿಲ್ಲಿಸಬ್ಯಾಡ್ರಿ. ಡಿಪಿಎಫ್ ಸುಡೋವಾಗ ಸೈಲೆನ್ಸರ್ ಒಳಗ 550–600 ಡಿಗ್ರಿ ಇರ್ತದ. ರೋಡಿನ ಮ್ಯಾಲ ರಾಶಿಗಿ ಹಾಸಿದ ಬೆಳಿ ದಾಟೋದು ಬಂದ್ರ, ದಾಟಿದ ಮ್ಯಾಲ ಇಳಿದು ಕೆಳಗ ಬಗ್ಗಿ ನೋಡ್ರಿ, ಶಾಫ್ಟಿಗಿ ಸುತ್ತಿದ್ರ ಕಿತ್ತಿ ತೆಗೀರಿ. ತೊಗರಿ ಮನಿಗಿ ಬಂದ ಮ್ಯಾಲ ಇಲಿನೂ ಬರ್ತಾವ, ಬಿಸಿ ಎಂಜಿನ್ ಮ್ಯಾಲ ಮಲಗಿ ವಾಯರ್ ಕಡೀತಾವ. ನಾನು ರಾತ್ರಿ ಬಾನೆಟ್ ಎತ್ತೇ ಇಡ್ತೀನಿ, ಬೆಳಕು ಗಾಳಿ ಇದ್ದಲ್ಲಿ ಅವು ಕೂಡಂಗಿಲ್ಲ. ಹಿಂಗ ಇಟ್ರ ಬಾನೆಟ್ ಲೈಟು ಇದ್ದ ಗಾಡಿದಾಗ ಅದರ ಬಲ್ಬ್ ತೆಗೀರಿ, ಇಲ್ಲಂದ್ರ ಮತ್ತ ಬ್ಯಾಟರಿ ಕಥಿ.

ಟೈರ್ ಗಾಳಿ ಮುಂಜಾನಿ ತಣ್ಣಗಿದ್ದಾಗ ಹಿಡಿಸ್ರಿ, 5–6 ಡಿಗ್ರಿಗಿ ಒಂದು ಪಿಎಸ್‌ಐ ಇಳೀತದ. ಗ್ಲಾಸಿಗಿ ಒಳಗಿಂದ ಮಂಜು ಕಟ್ಟಿದ್ರ ಏಸಿ ಹಚ್ಚಿ, ಗಾಳಿ ಬಿಸಿ ಕಡಿ ತಿರುವಿ, ಹೊರಗಿನ ಗಾಳಿ ಒಳಗ ಬರೋ ಬಟನ್ ಇಡ್ರಿ. ಏಸಿ ಒಳಗಿನ ಹಸಿ ಎಳೀತದ, ಬರೀ ಹೀಟರ್‌ಲೆ ಅಷ್ಟು ಲಗೂ ಹೋಗಂಗಿಲ್ಲ. ಬಿಸಿ ನೀರು ಗ್ಲಾಸಿಗಿ ಸುರೀಬ್ಯಾಡ್ರಿ, ಸಣ್ಣ ಕಲ್ಲಿನ ಪೆಟ್ಟು ಇದ್ರೂ ಪೂರಾ ಸೀಳ್ತದ.

ವಾಪಸ್ ಬರೋವಾಗ ಹುಮನಾಬಾದ್, ಕಮಲಾಪುರ ದಾರಿದಾಗ ಮಂಜಿದ್ರ ಹೈ ಬೀಮ್ ಹಾಕಬ್ಯಾಡ್ರಿ, ಬೆಳಕು ಮಂಜಿಗಿ ಬಡಿದು ನಿಮ್ಮ ಕಣ್ಣಿಗೇ ಬರ್ತದ. ಕಬ್ಬಿನ ಸೀಜನ್ ಇದು. ಟ್ರ್ಯಾಕ್ಟರ್‌ಗಿ ಎರಡು ಟ್ರೇಲರ್, ಹಿಂದ ಲೈಟು ಇಲ್ಲ, ಕಬ್ಬು ಹೊರಗ ಚಾಚಿರ್ತದ, ಇಪ್ಪತ್ತು ಅಡಿ ಬರೋ ತನಕ ಕಾಣಂಗಿಲ್ಲ. ಬೆಳಕು ಹರಿದ ಮ್ಯಾಲೇ ಊರು ಬಿಡ್ರಿ. ಹೊಂಡೋಕಿಂತ ಮೊದಲ ಊರಾಗ ಟ್ರ್ಯಾಕ್ಟರ್ ಇದ್ದ ಕಾಕಾರಿಗಿ, ಮಾವಗೋಳಿಗಿ ಒಂದು ರೋಲ್ ಕೆಂಪು ರೇಡಿಯಂ ಟೇಪ್ ತಂದು ಕೊಡ್ರಿ, ಟ್ರೇಲರ್ ಹಿಂದ ಎರಡೂ ಮೂಲಿಗಿ ನೀವೇ ನಿಂತು ಹಚ್ಚಿಸ್ರಿ. ಮೀಟರ್ ರೀಡಿಂಗ್ ಮೂರೂ, ಬ್ಯಾಟರಿ ಮ್ಯಾಲಿನ ತಿಂಗಳು ಇಲ್ಲೇ ಹಾಕ್ರಿ, ನೋಡಿ ಹೇಳ್ತೀನಿ.