ರೈಲು ಎಂಜಿನ್‌ನಲ್ಲಿ ಲೋಕೋ ಪೈಲಟ್ (ರೈಲಿನ ಡ್ರೈವರ್) ಕೂರುವುದು ಎಡಗಡೆಯೋ ಬಲಗಡೆಯೋ?

ನಮ್ಮಲ್ಲಿ ಎಡಗಡೆ. ಎಲ್ಲಾದರೂ ‘ಬಲಗಡೆ’ ಎಂದು ಓದಿದ್ದರೆ ಅದು ಅಮೆರಿಕದ್ದು, ಅದೂ ಸರಿಯೇ.

ಕಾರನ್ನು ಬಲಗಡೆ ಕೂತು ಓಡಿಸುವ ದೇಶದಲ್ಲಿ ರೈಲು ಮಾತ್ರ ಯಾಕೆ ಹೀಗೆ ಎಂದು ನೀವು ಕೇಳಬಹುದು. ಕಾರಿನವರು ಎದುರು ಬರುವ ಗಾಡಿ ನೋಡಿಕೊಂಡು ಓವರ್‌ಟೇಕ್ ಮಾಡಬೇಕು. ರೈಲಿಗೆ ಆ ತಾಪತ್ರಯವಿಲ್ಲ, ಅದಕ್ಕೆ ಮುಖ್ಯ ಸಿಗ್ನಲ್. ಭಾರತದ ಜೋಡಿ ಮಾರ್ಗಗಳಲ್ಲಿ ರೈಲು ಎಡ ಹಳಿಯಲ್ಲಿ ಓಡುತ್ತದೆ, ಸಿಗ್ನಲ್ ಕಂಬವೂ ಸಾಮಾನ್ಯವಾಗಿ ಎಡಕ್ಕೇ ಇರುತ್ತದೆ. ಕಂಬವನ್ನು ಬಲಕ್ಕೆ ನಿಲ್ಲಿಸಲು ವಿಶೇಷ ಅನುಮತಿ ಬೇಕು. ಅಮೆರಿಕದಲ್ಲಿ ಎಲ್ಲವೂ ತಿರುಗುಮುರುಗು. ಆದರೆ ಇದೇ ಕಟ್ಟಳೆಯೇನಲ್ಲ: ಬ್ರಿಟನ್ನಿನಲ್ಲಿ ರೈಲು ಎಡಕ್ಕೆ ಓಡಿದರೂ ಗ್ರೇಟ್ ವೆಸ್ಟರ್ನ್ ರೈಲ್ವೆಯ ಉಗಿ ಎಂಜಿನ್‌ಗಳಲ್ಲಿ ಡ್ರೈವರ್ ಬಲಗಡೆಯೇ ನಿಲ್ಲುತ್ತಿದ್ದ.

ಡಬ್ಲ್ಯುಎಪಿ-7ರಂಥ ವಿದ್ಯುತ್ ಎಂಜಿನ್‌ಗೆ ಎರಡು ತುದಿಗೂ ಕ್ಯಾಬ್ (ಡ್ರೈವರ್ ಕೂರುವ ಕೋಣೆ) ಇದೆ. ದಿಕ್ಕು ಬದಲಾದರೆ ಕ್ಯಾಬ್‌ನ ನಿಯಂತ್ರಣಗಳನ್ನು ಚಾಲೂ ಮಾಡುವ ಬಿಎಲ್ ಕೀ ತೆಗೆದುಕೊಂಡು ಒಳಗಿನ ಓಣಿಯಲ್ಲೇ ನಡೆದು ಆಚೆ ಕ್ಯಾಬ್‌ಗೆ ಹೋದರಾಯಿತು, ಅಲ್ಲೂ ಎಡಗಡೆಯೇ ಸೀಟು. ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲ್, ಇಡೀ ರೈಲಿಗೆ ಬ್ರೇಕ್ ಹಾಕುವ ಎ-9, ಎಂಜಿನ್‌ಗೆ ಮಾತ್ರ ಹಾಕುವ ಎಸ್‌ಎ-9, ಎಲ್ಲ ಆ ಕಡೆಯೇ. ಬಲಗಡೆ ಕೂರುವ ಸಹಾಯಕನ ಕೈಗೆ ತುರ್ತು ಬ್ರೇಕ್ ಕೊಟ್ಟಿರುತ್ತಾರೆ. ಪ್ರತಿ ಸಿಗ್ನಲ್‌ನ ಬಣ್ಣವನ್ನೂ ಇಬ್ಬರೂ ಕೂಗಿ ಹೇಳಿಕೊಳ್ಳಬೇಕು.

ನಿಜವಾದ ತಲೆನೋವು ಒಂದೇ ಕ್ಯಾಬ್‌ನ ಡೀಸೆಲ್‌ಗಳದು. ಹುಬ್ಬಳ್ಳಿ, ಕೃಷ್ಣರಾಜಪುರಂ ಶೆಡ್‌ಗಳ ಡಬ್ಲ್ಯುಡಿಜಿ-4, ಡಬ್ಲ್ಯುಡಿಪಿ-4 ಎಂಜಿನ್‌ಗಳನ್ನು ನೋಡಿರಬಹುದು. ಕ್ಯಾಬ್ ಒಂದೇ, ಒಳಗೆ ಒಂದೊಂದು ದಿಕ್ಕಿಗೆ ಒಂದೊಂದರಂತೆ ಕಂಟ್ರೋಲ್ ಸ್ಟ್ಯಾಂಡ್ (ಹಿಡಿಕೆಗಳಿರುವ ಮೇಜು) ಎರಡು. ಉದ್ದ ಮೂತಿ, ಅಂದರೆ ಕ್ಯಾಬ್‌ನಿಂದಾಚೆಗಿನ ಉದ್ದನೆಯ ಎಂಜಿನ್ ಭಾಗ, ಮುಂದಾಗಿ ಓಡುವಾಗ ಎಂಜಿನ್‌ನ ಒಡಲೇ ಕಣ್ಣಿಗೆ ಅಡ್ಡ. ಎಡ ತಿರುವಿನಲ್ಲಿ ಎಡ ಕಿಟಕಿಯಿಂದ ಹಳಿ ಸಿಗುತ್ತದೆ. ಬಲ ತಿರುವಿನಲ್ಲಿ ಲೋಕೋ ಪೈಲಟ್‌ಗೆ ಏನೂ ಕಾಣದು, ಸಹಾಯಕನ ಕಣ್ಣನ್ನೇ ನಂಬಬೇಕು. ಮಂಜು, ಮಳೆ ಸೇರಿದರೆ ಕೇಳುವುದೇ ಬೇಡ. ಎರಡು ಕ್ಯಾಬ್‌ನ ಡಬ್ಲ್ಯುಡಿಪಿ-4ಡಿ ಬಂದದ್ದು ಇದಕ್ಕೇ. ನನ್ನ ಪ್ರಕಾರ ಅದು ಮೊದಲೇ ಬರಬೇಕಿತ್ತು. ತಮಾಷೆಯೆಂದರೆ ಅಮೆರಿಕದ ಸದರ್ನ್ ರೈಲ್ವೆ ಬೇಕೆಂದೇ ಉದ್ದ ಮೂತಿಯನ್ನು ಮುಂದಿಟ್ಟು ಓಡಿಸುತ್ತಿತ್ತು. ಡಿಕ್ಕಿಯಾದರೆ ಸಿಬ್ಬಂದಿಯ ಮುಂದೆ ಅಷ್ಟು ಕಬ್ಬಿಣ ಇರಲಿ ಅಂತ.

ಪ್ಲಾಟ್‌ಫಾರಂನಿಂದ ಅಥವಾ ಫೋಟೊದಲ್ಲಿ ಪರೀಕ್ಷಿಸುವುದಾದರೆ, ಎದುರಿಗೆ ಬರುವ ಎಂಜಿನ್‌ನಲ್ಲಿ ಲೋಕೋ ಪೈಲಟ್ ಕಾಣುವುದು ನಿಮ್ಮ ಬಲಕ್ಕೆ. ‘ನಮ್ಮಲ್ಲೂ ಬಲಗಡೆಯೇ’ ಎಂದು ವಾದಿಸುವವರಲ್ಲಿ ಅರ್ಧ ಜನ ಎಡವುವುದು ಇಲ್ಲೇ.