ಸ್ತೋತ್ರ ಬಾರದ ಬಾಯಿ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಆಪ್ತರನ್ನು ಕಳೆದುಕೊಂಡ ಕ್ರೈಸ್ತ ವಿಶ್ವಾಸಿಗಳು ಆಪ್ತಸಲಹೆಗಾಗಿ ನನ್ನಲ್ಲಿಗೆ ಮೇಲಿಂದ ಮೇಲೆ ಬರುತ್ತಾರೆ. ಅವರಲ್ಲಿ ಅನೇಕರನ್ನು ದುಃಖಕ್ಕಿಂತ ಹೆಚ್ಚಾಗಿ, ದುಃಖಪಡುವುದೇ ಅವಿಶ್ವಾಸವೆಂಬ ಅಳುಕು ಕುಗ್ಗಿಸಿರುತ್ತದೆ.

ಅಂಥವರಲ್ಲೊಬ್ಬರು ಐವತ್ತರ ಆಸುಪಾಸಿನ ಶಿಕ್ಷಕಿ. ಧಾರವಾಡ ಸೀಮೆಯಲ್ಲಿ, ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆಯ ಪರಂಪರೆಯ ಸಭೆಯೊಂದರಲ್ಲಿ (ಚರ್ಚಿನಲ್ಲಿ) ಬೆಳೆದವರು. ಮಗ ಅಪಘಾತದಲ್ಲಿ ತೀರಿಕೊಂಡು ಏಳು ತಿಂಗಳಾಗಿತ್ತು. ಮೊದಲ ಎರಡು ಭೇಟಿಗಳಲ್ಲಿ ಏನು ಕೇಳಿದರೂ "ಕರ್ತನ ಚಿತ್ತರೀ" ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. ಮೂರನೆಯ ಭೇಟಿಯಲ್ಲಿ, ಊಟ ನಿದ್ರೆಗಳ ಬಗ್ಗೆ ವಿಚಾರಿಸುತ್ತಿದ್ದಾಗ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವರೆಂದರು: "ಪ್ರಾರ್ಥನೆಕ್ಕ ಮೊಣಕಾಲೂರಿದರ ಸ್ತೋತ್ರ ಬರೂದಿಲ್ಲರೀ ಮೇಡಂ, ಜಗಳ ಬರ್ತದ. ನನ್ನ ವಿಶ್ವಾಸ ಸತ್ತುಹೋಗೇದ."

ನಾನು ಸಮಾಧಾನ ಹೇಳಲಿಲ್ಲ. ಅವರ ಚೀಲದಲ್ಲಿದ್ದ ಸತ್ಯವೇದವನ್ನೇ (ಬೈಬಲನ್ನೇ) ತೆಗೆಯಿಸಿ, ಅದರಲ್ಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 88ನೆಯದನ್ನು ಗಟ್ಟಿಯಾಗಿ ಓದಲು ಕೇಳಿಕೊಂಡೆ. ಹಗಲಿರುಳು ಮೊರೆಯಿಟ್ಟವನೊಬ್ಬ, ನನಗೇಕೆ ಮುಖ ಮರೆಮಾಡುತ್ತೀ ಎಂದು ದೇವರನ್ನೇ ಕೇಳುವ ಹಾಡದು. ಕೊನೆಗೂ ಬೆಳಕು ಕಾಣದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಮುಂದೆ ಇನ್ನೇನೋ ಇರಬೇಕೆಂದು ಅವರು ಹಾಳೆ ತಿರುವಿದರು. ಅಲ್ಲಿ ಬೇರೆಯದೇ ಕೀರ್ತನೆ ಶುರುವಾಗಿತ್ತು. "ಇಷ್ಟಕ್ಕ ಮುಗೀತೇನ್ರೀ? ಇಂಥಾದ್ದನ್ನೂ ಸತ್ಯವೇದದಾಗ ಇಟ್ಟಾರ?" ಎಂದವರು ಬಹಳ ಹೊತ್ತು ಅತ್ತರು. ಮಗನ ಮಣ್ಣಿನ ದಿನವೂ ಯಾರೆದುರೂ ತಾವು ಅತ್ತಿರಲಿಲ್ಲವೆಂದು ಆಮೇಲೆ ಹೇಳಿದರು.

ಅಂದು ನಾನು ಕೊಟ್ಟ ಸಲಹೆ ಇಷ್ಟು: ರಾತ್ರಿ ಮೊಣಕಾಲೂರಿದಾಗ ಬರುವ ಜಗಳವನ್ನು ತಡೆಯದೆ ದೇವರ ಹೆಸರು ಹಿಡಿದೇ ಆಡಬೇಕು, ದೇವರು ತನಗೆ ಮಾಡಿದ ಒಳಿತನ್ನು ಸಭೆಯಲ್ಲಿ ಎಲ್ಲರೆದುರು ಸಾಕ್ಷಿ ಹೇಳೆಂದು ಯಾರಾದರೂ ಒತ್ತಾಯಿಸಿದರೆ ಈಗ ಬೇಡವೆನ್ನಬೇಕು, ವಾರಕ್ಕೆರಡು ದಿನದ ಉಪವಾಸ ಪ್ರಾರ್ಥನೆಯನ್ನು ಸದ್ಯಕ್ಕೆ ನಿಲ್ಲಿಸಿ, ಮನೋವೈದ್ಯರನ್ನು ಕಾಣಬೇಕು. ನಡುರಾತ್ರಿ ತೀರ ಅಸಹನೀಯವಾದರೆ ಕರೆ ಮಾಡಲೆಂದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ.

ಅವರ ಸಭೆಯ ಹಿರಿಯರೊಬ್ಬರು ನನ್ನ ಬಳಿ ಬಂದು, ನಾನು ಗೊಣಗುವುದನ್ನು ಕಲಿಸುತ್ತಿದ್ದೇನೆಂದು ಆಕ್ಷೇಪಿಸಿದರು. ಅವರ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಸಲಹೆಯನ್ನು ಹಿಂತೆಗೆದುಕೊಳ್ಳಲಾರೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಪ್ರಲಾಪಗಳೇ ಇವೆ, ಮತ್ತು ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲನ್ನು, ನನ್ನನ್ನೇಕೆ ಕೈಬಿಟ್ಟೆ ಎಂಬ ಪ್ರಶ್ನೆಯನ್ನು. ಇಲ್ಲದವನೊಡನೆ ಯಾರೂ ಜಗಳವಾಡುವುದಿಲ್ಲ. ಆ ತಾಯಿಯ ಜಗಳದೊಳಗೆ ನನಗೆ ಕಂಡದ್ದು ಜೀವಂತ ವಿಶ್ವಾಸವೇ. ಉಪವಾಸದ ವಿಷಯದಲ್ಲೂ ನನಗೆ ಸಂಕೋಚವಿಲ್ಲ. ಸತ್ಯವೇದದಲ್ಲಿ, ಸಾವನ್ನು ಬೇಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟು, ಅವನು ಮತ್ತೆ ಮಲಗಿದಾಗಲೂ ಬೈಯದೆ, ಎರಡನೆಯ ಸಲ ಎಬ್ಬಿಸಿ ಉಣ್ಣೆಂದನು. ದೇವರ ಬೆಟ್ಟವಾದ ಹೋರೇಬಿನವರೆಗಿನ ನಲವತ್ತು ದಿನಗಳ ದಾರಿ ಆಮೇಲಿನದು.

ಅವರೀಗ ಔಷಧ ತೆಗೆದುಕೊಳ್ಳುತ್ತಿದ್ದಾರೆ, ಶಾಲೆಗೆ ಹೋಗುತ್ತಿದ್ದಾರೆ. ಕಳೆದ ಭೇಟಿಯಲ್ಲಿ, 88ನ್ನು ಬಿಟ್ಟು 13ನೆಯ ಕೀರ್ತನೆಗೆ ಬಂದಿದ್ದೇನೆಂದರು. ಆರು ವಚನಗಳ ಆ ಕೀರ್ತನೆ ಎಷ್ಟರವರೆಗೆ ಕರ್ತನೇ ಎಂಬ ಪ್ರಶ್ನೆಯಿಂದ ಹೊರಟು ಭರವಸೆಯಲ್ಲಿ ಮುಗಿಯುತ್ತದೆ. "ನಾಕನೇ ವಚನದ ಮಟಾ ಓದ್ತೀನ್ರೀ. ಕಡೀ ಎರಡು ಇನ್ನೂ ಬಾಯಿಗೆ ಬರವಲ್ಲವು. ಆದ್ರ ಅವು ಅಲ್ಲೇ ಅದಾವ ಅಂತ ದಿನಾ ನೋಡಿ ಮುಚ್ಚತೀನಿ."