ಎಲುಬು ವಯಸ್ಸು ಹೇಳೀತು, ಹೆಸರು ಮನೆಯವರೇ ಹೇಳಬೇಕು

ಜಮಖಂಡಿ ತಾಲ್ಲೂಕಿನ ಓದುಗ ಸೋದರಿಗೆ ನಮಸ್ಕಾರ.

ನಿಮ್ಮ ಪತ್ರ ಪೂರ್ತಿ ಅಚ್ಚು ಹಾಕುತ್ತಿಲ್ಲ. ಉಳಿದ ಓದುಗರಿಗೆ ತಿಳಿಯಲೆಂದು ಇಷ್ಟು ಹೇಳುತ್ತೇನೆ. 2019ರ ನೆರೆಯಲ್ಲಿ ಮನೆ ಬಿದ್ದ ಮೇಲೆ ನಿಮ್ಮ ಕಾಕಾ ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಹೋದರು. ಲಾಕ್‌ಡೌನ್ ಹೊತ್ತಿಗೆ ಅವರ ಫೋನ್ ನಿಂತಿತು. ಈ ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿದಾಗ ದಂಡೆಯಲ್ಲಿ ಎಲುಬು ಸಿಕ್ಕಿವೆ. ಪೊಲೀಸರು ಕಾಕಾನ ಮಗನ ರಕ್ತ ಕೇಳಿದ್ದಾರೆ. ಚಿಗವ್ವ ಬಿಡುತ್ತಿಲ್ಲ. “ರಕ್ತ ಕೊಟ್ರ ಅವ್ರು ಇಲ್ಲ ಅಂತ ನಾನ ಒಪ್ಪಿದಂಗ ಆಕ್ಕತಿ” ಅನ್ನುತ್ತಾರೆ. ಎಲುಬು ನೋಡಿ ಯಾರೆಂದು ಹೇಳಲು ಬರುತ್ತದಾ, ಚಿಗವ್ವನಿಗೆ ಏನು ಹೇಳಲಿ ಅಂತ ಕೇಳಿದ್ದೀರಿ.

ಚಿಗವ್ವನ ಮಾತನ್ನು ಹಟ ಅಂತ ತಿಳಿಯಬೇಡಿ. ಹಣೆಯ ಕುಂಕುಮದ ಪ್ರಶ್ನೆ ಅದು. ಆದರೆ ರಕ್ತ ಕೊಟ್ಟ ಮಾತ್ರಕ್ಕೆ ಯಾರೂ ಸತ್ತಂತೆ ಆಗುವುದಿಲ್ಲ. ಮಗನ ರಕ್ತಕ್ಕೂ ಎಲುಬಿಗೂ ಹೊಂದಲಿಲ್ಲ ಅಂದರೆ ಆ ಎಲುಬು ಕಾಕಾನದಲ್ಲ ಅಂತ ಗಟ್ಟಿಯಾಗಿ ಗೊತ್ತಾಗುತ್ತದೆ. ಅದೂ ಸಣ್ಣ ಸಮಾಧಾನವಲ್ಲ. ಕೃಷ್ಣೆ ಮಹಾರಾಷ್ಟ್ರದಿಂದ ಹರಿದು ಬರುವ ಹೊಳೆ. ಅವು ಸಾಂಗಲಿ ಕಡೆಯ ಯಾವುದೋ ಮನೆಯವರದೂ ಇರಬಹುದು.

ಎಲುಬಿನ ತಜ್ಞರು ಮೊದಲು ನೋಡುವುದು ಇದು ಮನುಷ್ಯರದಾ, ದನದ್ದಾ ಅಂತ. ಆಮೇಲೆ ಸೊಂಟದ ಎಲುಬು ನೋಡಿ ಗಂಡೋ ಹೆಣ್ಣೋ ಹೇಳುತ್ತಾರೆ. ತೊಡೆಯ ಎಲುಬು ಅಳೆದು ಎತ್ತರ ಅಂದಾಜು ಮಾಡುತ್ತಾರೆ. ವಯಸ್ಸಿಗೆ ಕೊರಳ ಕೆಳಗಿನ ಅಡ್ಡ ಎಲುಬು ನೋಡುತ್ತಾರೆ. ಅದರ ಎದೆ ಕಡೆಯ ತುದಿ ಎಲ್ಲಕ್ಕಿಂತ ಕೊನೆಗೆ, ಸುಮಾರು 30ರ ಹೊತ್ತಿಗೆ ಅದೇ ಎಲುಬಿಗೆ ಬೆಸೆಯುತ್ತದೆ. ಇನ್ನೂ ಬೆಸೆದಿಲ್ಲ ಅಂದರೆ ಸತ್ತವರು ಚಿಕ್ಕ ವಯಸ್ಸಿನವರು, ನಿಮ್ಮ ಕಾಕಾ ಅಲ್ಲವೇ ಅಲ್ಲ. ಬೆಸೆದಿದ್ದರೆ ಆಚೆಗಿನದು ಅಂದಾಜು. 35ರಿಂದ 50 ಎನ್ನುವಂಥ ಉತ್ತರ ಸಿಗುತ್ತದೆ, ಅಷ್ಟೇ.

ಇಷ್ಟರಿಂದ ಹೆಸರು ಸಿಗುವುದಿಲ್ಲ. ಆ ಎತ್ತರದ, ಆ ವಯಸ್ಸಿನ ಗಂಡಸರು ಒಂದೊಂದು ಊರಲ್ಲೂ ಎಷ್ಟೋ ಜನ. ಹೊರದೇಶಗಳಲ್ಲಿ ದಂತವೈದ್ಯರ ಹತ್ತಿರ ಹಲ್ಲಿನ ಎಕ್ಸ್‌ರೇ ಇರುತ್ತದೆ, ಹೋಲಿಸಿ ನೋಡುತ್ತಾರೆ. ನಮ್ಮ ಕಾಕಾಂದಿರು ಹಲ್ಲು ನೋವು ಬಂದರೆ ಲವಂಗ ಕಚ್ಚಿಕೊಂಡು ಕೆಲಸಕ್ಕೆ ಹೋದವರು. ಅವರ ದಾಖಲೆ ಇರುವುದು ಮನೆಯವರ ನೆನಪಿನಲ್ಲಿ. ಎತ್ತಿನ ಗಾಡಿಯಿಂದ ಬಿದ್ದು ಕೈ ಮುರಿದಿತ್ತಾ? ಯಾವ ಕೈ? ನಾಟಿ ವೈದ್ಯರು ಕಟ್ಟು ಕಟ್ಟಿದ್ದರೂ ಮುರಿದು ಕೂಡಿದ ಗುರುತು ಎಲುಬಿನಲ್ಲಿ ಎಷ್ಟೋ ವರ್ಷ ಉಳಿಯಬಹುದು. ಮುಂದಿನ ಯಾವ ಹಲ್ಲು ಇರಲಿಲ್ಲ? ಹಲ್ಲಿನ ಮೇಲೆ ಕಂದು ಪಟ್ಟೆ ಇತ್ತಾ? ಬಾಗಲಕೋಟೆ ಜಿಲ್ಲೆಯ ಹಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಿಕ್ಕಂದಿನಲ್ಲಿ ಆ ನೀರು ಕುಡಿದವರ ಹಲ್ಲೇ ಅದನ್ನು ಹೇಳುತ್ತದೆ. ನಗುವಾಗ ಹಲ್ಲು ಕಾಣುವ ಹಳೇ ಮದುವೆ ಫೋಟೋ ಒಂದಿದ್ದರೂ ದೊಡ್ಡ ಆಧಾರ.

ಈ ನೆನಪನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ ಗಡಿಬಿಡಿಯಲ್ಲಿ ತೆಗೆಯಲು ಆಗುವುದಿಲ್ಲ. ಅರ್ಜೆಂಟೀನಾದ ಮಾತು ಹೇಳುತ್ತೇನೆ. ಅಲ್ಲಿ ಸೈನ್ಯದ ಆಡಳಿತದಲ್ಲಿ ಸಾವಿರಾರು ಜನ ಕಾಣೆಯಾದರು. ಸರ್ಕಾರ ಬದಲಾದ ಮೇಲೆ ಬುಲ್ಡೋಜರ್ ತಂದು ಗೋರಿ ಅಗೆದರು, ಎಲುಬೆಲ್ಲ ಕಲಸಿಹೋದವು. 1984ರಲ್ಲಿ ಕ್ಲೈಡ್ ಸ್ನೋ ಎಂಬ ಎಲುಬಿನ ತಜ್ಞರು ಅಮೆರಿಕದಿಂದ ಬಂದು ಕಾಲೇಜು ಹುಡುಗರನ್ನು ಕಟ್ಟಿಕೊಂಡು ಕುಂಚ, ಕರಣಿ ಹಿಡಿದು ಕೆಲಸ ಶುರುಮಾಡಿದರು. ಅದೇ ಮುಂದೆ ಅರ್ಜೆಂಟೀನಾದ ವಿಧಿವಿಜ್ಞಾನ ಮಾನವಶಾಸ್ತ್ರ ತಂಡವಾಯಿತು. ಆ ತಂಡದವರು ಮನೆಯವರ ಹತ್ತಿರ ಕೂತು ಮಾತಾಡುವುದನ್ನು ಅಗೆಯುವಷ್ಟೇ ಮುಖ್ಯ ಮಾಡಿಕೊಂಡರು. ನಮ್ಮಲ್ಲೂ ಇದು ಆಗಲೇಬೇಕು. ಮನೆಗೇ ಬಂದು, ನಮ್ಮ ಮಾತಿನಲ್ಲೇ ಕೇಳುವವರು ಬೇಕು. ಫಲಿತಾಂಶವನ್ನೂ ಎದುರು ಕೂತು ಹೇಳಬೇಕು. ಫೋನಿನಲ್ಲಿ ಒಂದು ಸಾಲು ಹೇಳಿ ಇಡುವುದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಡಿಎನ್‌ಎ, ಅಂದರೆ ಅಪ್ಪ ಅವ್ವನಿಂದ ಬಂದು ರಕ್ತದಲ್ಲೂ ಎಲುಬಿನಲ್ಲೂ ಇರುವ ಗುರುತು. 2025ರ ಅಹಮದಾಬಾದ್ ವಿಮಾನ ದುರಂತದಲ್ಲಿ ಮನೆಯವರು ಕೊಟ್ಟ ಮಾದರಿಯಿಂದಲೇ ಹೆಚ್ಚಿನವರ ಗುರುತು ಸಿಕ್ಕಿತು. ಮಗನಲ್ಲಿ ಅರ್ಧ ಅಪ್ಪನದು, ಅರ್ಧ ಅವ್ವನದು. ಚಿಗವ್ವನೂ ಕೊಟ್ಟರೆ ಅವರ ಪಾಲು ಬೇರ್ಪಡಿಸಿ ಕಾಕಾನ ಪಾಲನ್ನು ಸ್ಪಷ್ಟವಾಗಿ ನೋಡಬಹುದು. ಕಾಕಾನ ಅವ್ವ ಇದ್ದರೆ, ಇಲ್ಲವೇ ಒಡಹುಟ್ಟಿದ ಅಕ್ಕ ತಂಗಿಯರಿದ್ದರೆ, ಅವರದೂ ಕೊಡಿ. ತಾಯಿಯ ಕಡೆಯಿಂದ ಬರುವ ಒಂದು ಬಗೆಯ ಡಿಎನ್‌ಎ ಹಳೇ ಎಲುಬಿನಲ್ಲೂ ಹೆಚ್ಚು ಉಳಿದಿರುತ್ತದೆ. ಇನ್ನೊಂದು ಮಾತು. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆ ಮಗಳನ್ನು ತಂದುಕೊಳ್ಳುವುದುಂಟು. ಕಾಕಾ ಚಿಗವ್ವನದೂ ಹಾಗೇ ಒಳಸಂಬಂಧವಾಗಿದ್ದರೆ ಮೊದಲೇ ಹೇಳಿ. ಹೋಲಿಕೆಯ ಲೆಕ್ಕ ಬದಲಾಗುತ್ತದೆ.

ಒಂದು ಸಲ ಕೊಟ್ಟ ರಕ್ತವನ್ನು ದೇಶದಲ್ಲಿ ಎಲ್ಲೇ ಎಲುಬು ಸಿಕ್ಕರೂ ಹೋಲಿಸುತ್ತಾರೆ ಅಂತ ತಿಳಿಯಬೇಡಿ. ಕಾಣೆಯಾದವರಿಗೂ ಒಂದು ಡಿಎನ್‌ಎ ಪಟ್ಟಿ ಇರಬೇಕೆಂದಿದ್ದ 2019ರ ಡಿಎನ್‌ಎ ಮಸೂದೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ವಾಪಸ್ ಪಡೆಯಿತು. ಆ ಮಸೂದೆಯಿಂದ ಖಾಸಗಿತನಕ್ಕೆ ಧಕ್ಕೆ ಎಂಬ ಆತಂಕ ಸುಳ್ಳಲ್ಲ. ಆದರೂ ಕಾಣೆಯಾದವರ ಮನೆಯವರಿಗಾಗಿ ಬೇರೆ ದಾರಿಯನ್ನಾದರೂ ಮಾಡಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ. ಹಾಗಾಗಿ ಈ ಎಲುಬು ಹೊಂದದಿದ್ದರೆ ಅಲ್ಲಿಗೇ ಬಿಡಬೇಡಿ. ಗೋವಾ, ಸಾಂಗಲಿ, ಕೊಲ್ಹಾಪುರದ ಪೊಲೀಸರಿಗೂ ಕಾಕಾನ ವಿವರ ಕಳಿಸಿ ಅಂತ ನಿಮ್ಮ ಠಾಣೆಗೆ ಬರೆದುಕೊಡಿ. ಸ್ವೀಕೃತಿ ತಗೊಳ್ಳಿ.

ಚಿಗವ್ವ ಒಪ್ಪುವ ತನಕ ಒತ್ತಾಯ ಮಾಡಬೇಡಿ. ಮಹಿಳಾ ಸಿಬ್ಬಂದಿಯನ್ನು ಮನೆಗೇ ಕಳಿಸಿ ಅಂತ ಪೊಲೀಸರನ್ನು ಕೇಳಿ, ಅವರು ಬಂದಾಗ ನೀವೂ ಪಕ್ಕದಲ್ಲಿರಿ. ಅಷ್ಟರಲ್ಲಿ ಒಂದು ನೋಟ್‌ಬುಕ್ ಹಿಡಿದು ಕಾಕಾನ ಎತ್ತರ, ಪೆಟ್ಟು, ಹಲ್ಲು, ಹೋಗುವಾಗ ತೊಟ್ಟಿದ್ದ ಅಂಗಿ, ಬೆಳ್ಳಿ ಉಡದಾರ ಇತ್ತೋ ಇಲ್ಲವೋ, ಎಲ್ಲ ಬರೆದಿಡಿ. ಚಿಗವ್ವನನ್ನೇ ಕೇಳಿ ಬರೆಯಿರಿ.